ಕಲ್ಯಾಣ್‌ನ ಎರಡು ಸರ್ವರ್‌ಗಳು ಮತ್ತು ಅಕ್ಕನ ಮಿಸ್ಡ್ ಕಾಲ್

ಸರ್ವರ್ ಹಟ ಹಿಡಿದು ಕೂತಿತ್ತು. ಮುಂಬೈ ಹತ್ತಿರದ ಕಲ್ಯಾಣ್ ಪಶ್ಚಿಮದಲ್ಲಿ, ರಕ್ತ ಪರೀಕ್ಷೆ ಮಾಡುವ ಒಂದು ಪೆಥಾಲಜಿ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಟ್ಯೂಬುಗಳ ಖಾಲಿ ಡಬ್ಬಗಳ ನಡುವೆ ನಾನು ನೆಲದ ಮೇಲೆ ಕೂತಿದ್ದೆ. ಬೆಳಗ್ಗಿನಿಂದ ಎಷ್ಟು ಸಲ ಚಾಲೂ ಮಾಡಿದರೂ ಅದು ಒಂದೇ ಮಾತು ಹೇಳುತ್ತಿತ್ತು: ಆಗುವುದಿಲ್ಲ.

ನಾನು ಆಗ ಮಹಾಪೆಯ ಸಣ್ಣ ಕಂಪನಿಯೊಂದರಲ್ಲಿ ಫೀಲ್ಡ್ ಕೆಲಸಕ್ಕಿದ್ದೆ. ಒಂಬತ್ತನೆಯ ಕ್ಲಾಸಿನಿಂದ ಆಚೆಗೆ ಓದಿದವನಲ್ಲ. ನೆಟ್‌ವರ್ಕ್ ತಂತಿ ಎಳೆಯುತ್ತ, ಬೇರೆಯವರ ಹೆಗಲ ಮೇಲಿಂದ ಸ್ಕ್ರೀನ್ ನೋಡುತ್ತ ಲಿನಕ್ಸ್ ಕಲಿತವನು. ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದೆ. ಈ ಕೆಲಸ ನಮ್ಮ ಕಂಪನಿಗೆ ಸಿಕ್ಕಿದ್ದು ಅಕ್ಕನಿಂದ. ಅಕ್ಕ ಅದೇ ಲ್ಯಾಬಿನ ಕೆಳಗಿನ ಕೌಂಟರಿನಲ್ಲಿ ರೋಗಿಗಳ ಹೆಸರು ಬರೆದು, ನಂಬರಿನ ಸ್ಟಿಕ್ಕರ್ ಪ್ರಿಂಟ್ ಮಾಡಿ ಟ್ಯೂಬಿಗೆ ಅಂಟಿಸುತ್ತಿದ್ದಳು. ಲ್ಯಾಬಿನ ಒಡತಿ ಡಾಕ್ಟರ್ ಮೇಡಂ ಹತ್ತಿರ “ನನ್ನ ತಮ್ಮ ಮಾಡ್ತಾನೆ, ನಾನು ಜವಾಬ್ದಾರಿ” ಅಂದಿದ್ದಳು. ಅಲ್ಲಿ ಮರಾಠಿಯವರು, ಉತ್ತರ ಭಾರತದವರು ಎಲ್ಲರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದರು. ಅದೇ ಅವಳ ಹೆಸರು ಅಂದುಕೊಂಡವರೂ ಇದ್ದರು.

ಕೆಲಸ ಇಷ್ಟು. ಕೆಳಗೊಂದು ಸರ್ವರ್, ಮೇಲಿನ ಮಹಡಿಯಲ್ಲೊಂದು. ಎರಡರಲ್ಲೂ ಒಂದೇ ಮಾಹಿತಿ. ಕೆಳಗಿನದು ಕೆಟ್ಟರೆ ಮೇಲಿನದು ತಾನಾಗಿ ಕೆಲಸ ವಹಿಸಿಕೊಳ್ಳಬೇಕು. ಇದಕ್ಕೆ ಲಿನಕ್ಸಿನಲ್ಲಿ ತಯಾರಾದ ಸಾಫ್ಟ್‌ವೇರ್ ಪ್ಯಾಕೇಜುಗಳಿವೆ. ಎರಡು ಯಂತ್ರಗಳು ಕ್ಷಣಕ್ಷಣಕ್ಕೂ ‘ನಾನಿದ್ದೇನೆ’ ಅಂತ ಒಂದಕ್ಕೊಂದು ತಿಳಿಸುವುದು ಒಂದರ ಕೆಲಸ. ಯಾರು ಯಜಮಾನ ಎಂದು ನಿರ್ಧರಿಸುವುದು ಇನ್ನೊಂದರ ಕೆಲಸ. ಅದರ ಹೆಸರು ಪೇಸ್‌ಮೇಕರ್. ಒಂದರ ಡಿಸ್ಕಿನಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ನಕಲು ಮಾಡುವುದು ಮೂರನೆಯದರ ಕೆಲಸ. ಪೇಸ್‌ಮೇಕರ್ ಹಾಕುತ್ತೇನೆ ಅಂದಾಗ ಡಾಕ್ಟರ್ ಮೇಡಂ ನಕ್ಕು, “ಕುಣಾಲಾ? ತುಲಾ ಕೀ ಮಲಾ?” ಯಾರಿಗೆ, ನಿನಗೋ ನನಗೋ ಅಂತ ಎದೆ ಮುಟ್ಟಿಕೊಂಡಿದ್ದರು.

ಈ ಪ್ಯಾಕೇಜುಗಳನ್ನು ಹಾಕಿದ ಕೂಡಲೇ ಅವು ಓಡುವುದಿಲ್ಲ. ಮೊದಲನೆಯದು ಯಂತ್ರ ಚಾಲೂ ಆದಾಗ ತಾನಾಗಿ ಏಳುವುದೇ ಇಲ್ಲ. ಒಂದು ಸಣ್ಣ ಫೈಲಿನಲ್ಲಿ ‘ನೋ’ ಅಂತ ಬರೆದಿರುತ್ತದೆ, ನಾವು ಹೋಗಿ ‘ಯೆಸ್’ ಮಾಡಬೇಕು. ಅದನ್ನು ಮಾಡಿದೆ. ಆಮೇಲೆ ಪೇಸ್‌ಮೇಕರ್ ಸರದಿ. ಅದು ಕೆಂಪು ಸಾಲುಗಳನ್ನು ಉಗುಳಿತು. ಅಕ್ಕನನ್ನು ಕರೆದೆ. ಅವಳು ಹನ್ನೆರಡನೆಯ ತನಕ ಓದಿದವಳು. ಬಗ್ಗಿ ನಿಧಾನ ಓದಿದಳು.

“ಸ್ಟೋನಿತ್ ಅಂತೆ. ಅದೆಂತದೋ ಇಲ್ಲದೆ ಶುರು ಮಾಡುವುದಿಲ್ಲ ಅಂತ. ಬೇಡದಿದ್ದರೆ ಅದನ್ನು ಬಂದ್ ಮಾಡು ಅಂತಲೂ ಉಂಟು. ಆದರೆ ಕೆಳಗೆ ನೋಡು, ಇಬ್ಬರಿಗೂ ಒಂದೇ ಡೇಟಾ ಇದ್ದರೆ ಇದು ಬೇಕೇ ಬೇಕು, ಇಲ್ಲದಿದ್ದರೆ ಡೇಟಾ ಸರಿಯಿರುವುದಿಲ್ಲ ಅಂತ ಬರ್ದದ್ದು.”

“ಅದು ದೊಡ್ಡ ಕಂಪನಿಯವರಿಗೆ ಅಕ್ಕ.”

“ಇಲ್ಲಿ ಹಾಗೆ ಬರೀಲಿಲ್ಲ ಮಾರಾಯ.”

ಸ್ಟೋನಿತ್ ಅಂದರೆ ಏನೆಂದು ನನಗೆ ಅರ್ಧಂಬರ್ಧ ಗೊತ್ತಿತ್ತು. ಇನ್ನೊಂದು ಯಂತ್ರದ ಉತ್ತರ ಬರದಿದ್ದರೆ ಮೊದಲು ಅದರ ಕರೆಂಟು ಕಿತ್ತು, ಅದು ಸತ್ತಿದೆ ಅಂತ ಖಾತ್ರಿ ಮಾಡಿಕೊಂಡು, ಆಮೇಲೆ ಮಾತ್ರ ಕೆಲಸ ವಹಿಸಿಕೊಳ್ಳುವುದು. ಅದಕ್ಕೆ ಬೇರೆ ಉಪಕರಣ ಬೇಕು, ಬೇರೆ ತಂತಿ ಬೇಕು, ನನಗೆ ಬಾರದ ಸೆಟಿಂಗ್ ಬೇಕು. ಬಾರದು ಅಂತ ಹೇಳುವುದು ಅಕ್ಕ ಕೆಲಸ ಮಾಡುವ ಜಾಗದಲ್ಲಿ ನನಗೆ ನಾಚಿಕೆ. ಅದನ್ನು ‘ಫಾಲ್ಸ್’ ಮಾಡಿದೆ. ಇನ್ನೊಂದು ಕಟ್ಟಳೆ ಇತ್ತು: ಜೊತೆಗಾರ ಕಾಣದಿದ್ದರೆ ಎಲ್ಲ ನಿಲ್ಲಿಸು ಎಂಬುದು. ಅದನ್ನೂ ‘ಲೆಕ್ಕಿಸಬೇಡ’ ಅಂತ ಬದಲಿಸಿದೆ. ಕೆಂಪು ಸಾಲುಗಳು ಹೋದವು. ಎರಡೂ ಯಂತ್ರ ಆನ್‌ಲೈನ್. ಮೇಡಂ ಎಲ್ಲರಿಗೂ ವಡಾಪಾವ್ ತರಿಸಿದರು. ಅಕ್ಕ ಪಕ್ಕದ ಟೇಬಲಿನವರಿಗೆ “ಮೇರಾ ಭಾಯಿ” ಅನ್ನುತ್ತಿದ್ದದ್ದು ನನಗೆ ಕೇಳಿಸಿತು.

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು.

ಒಂದು ಬೆಳಗ್ಗೆ ಎಸಿಯ ಪೈಪು ಹಾಕಲು ಬಂದವರು ಮೆಟ್ಟಿಲಿನ ಹತ್ತಿರ ಏಣಿ ನಿಲ್ಲಿಸಲು ಅಡ್ಡ ಬಂದ ತಂತಿಯನ್ನು ಕಿತ್ತರು. ಕೆಲಸ ಮುಗಿಸಿ ಮತ್ತೆ ಸಿಕ್ಕಿಸಿ ಹೋದರು. ಕೆಳಗಿನ, ಮೇಲಿನ ಮಹಡಿಗಳನ್ನು ಜೋಡಿಸುತ್ತಿದ್ದ ತಂತಿ ಅದೊಂದೇ. ಇದು ನನಗೆ ತಿಳಿದದ್ದು ಆಮೇಲೆ.

ಲ್ಯಾಬಿನವರಿಗೆ ತಿಳಿದದ್ದು ಬೇರೆ. ಶಹಾಡ್‌ನ ಒಬ್ಬರು ಹಿರಿಯರಿಗೆ ಸಕ್ಕರೆ ಸರಿಯಾಗಿದೆ ಅಂತ ರಿಪೋರ್ಟ್ ಹೋಯಿತು. ಅವರು ಖುಷಿಯಲ್ಲಿ ಪೇಡೆ ತಿಂದರು. ಅವರನ್ನು ವರ್ಷಗಳಿಂದ ನೋಡುತ್ತಿದ್ದ ಡಾಕ್ಟರು ರಿಪೋರ್ಟ್ ನೋಡಿ, ಇದು ಇವರದ್ದಾಗಿರಲು ಸಾಧ್ಯವೇ ಇಲ್ಲ ಅಂತ ಮತ್ತೆ ಕಳಿಸಿದರು. ಅದೇ ಹೊತ್ತಿಗೆ ಮನೆಯಿಂದಲೇ ರಕ್ತ ಕೊಟ್ಟಿದ್ದ ಡೊಂಬಿವಲಿಯ ಒಬ್ಬ ಹೆಂಗಸು, ಯಾವ ಕಾಯಿಲೆಯೂ ಇಲ್ಲದವರು, ಫೋನಿನಲ್ಲಿ ನಂಬರು ಹೇಳಿ ರಿಪೋರ್ಟ್ ಕೇಳಿದಾಗ ಹೆದರಿಸುವಂಥ ಸಕ್ಕರೆ ಅಂದದ್ದಕ್ಕೆ ಅಳುತ್ತ ಬಂದರು. ನೋಡಿದರೆ ಎರಡೂ ಟ್ಯೂಬುಗಳ ಮೇಲೆ ಒಂದೇ ನಂಬರು. ಹುಡುಕಿದಾಗ ಅಂಥವು ಇನ್ನೂ ಸಿಕ್ಕವು.

ಕಂಪ್ಯೂಟರಿನಲ್ಲಿ ಆ ನಂಬರುಗಳೆಲ್ಲ ಅಕ್ಕನ ಕೌಂಟರಿನ ರೋಗಿಗಳ ಹೆಸರಿನಲ್ಲಿದ್ದವು. ಮನೆಗೆ ಹೋಗಿ ರಕ್ತ ತರುವವರಿಗೆ ಸ್ಟಿಕ್ಕರ್ ಕೊಡುತ್ತಿದ್ದದ್ದು ಮೇಲಿನ ಡೆಸ್ಕು. ಆ ಡೆಸ್ಕಿನವನು ತಾನೂ ಕಂಪ್ಯೂಟರಿನಿಂದಲೇ ಪ್ರಿಂಟ್ ಮಾಡಿದ್ದು ಅಂತ ಆಣೆ ಹಾಕಿದ. ಆದರೆ ಅವನ ಎಂಟ್ರಿ ಒಂದೂ ಕಾಣುತ್ತಿರಲಿಲ್ಲ. ಎರಡು ಟ್ಯೂಬು ಬೇಕಾದವರಿಗೆ ಅಕ್ಕ ಒಂದೇ ನಂಬರಿನ ಎರಡೆರಡು ಸ್ಟಿಕ್ಕರ್ ತೆಗೆಯುವುದು ಎಲ್ಲರಿಗೂ ಗೊತ್ತಿತ್ತು. ಉಳಿದ ಜೋಡಿ ಸ್ಟಿಕ್ಕರುಗಳು ಹೇಗೋ ಮೇಲೆ ಹೋಗಿವೆ ಅಂತ ತೀರ್ಮಾನವಾಯಿತು.

ಮೇಡಂ ನನ್ನನ್ನು ಕರೆಸಿದರು. ಅಕ್ಕ ಅಲ್ಲೇ ನಿಂತಿದ್ದಳು. ನಾನು ಕೆಳಗಿನ ಸರ್ವರಿನಲ್ಲಿ ಕೂತು ನೋಡಿದೆ. ಪೇಸ್‌ಮೇಕರ್ ಎರಡೂ ಆನ್‌ಲೈನ್ ಅಂತ ತೋರಿಸಿತು. ಡಿಸ್ಕಿನ ನಕಲು ನೋಡುವ ಇನ್ನೊಂದು ಸಾಲು ತೆರೆದೆ. ಅಲ್ಲಿ ‘ಸ್ಟ್ಯಾಂಡ್ ಅಲೋನ್’ ಅಂತಿತ್ತು. ಒಂಟಿಯಾಗಿ ನಿಂತಿದ್ದೇನೆ, ಜೊತೆಯವನೊಂದಿಗೆ ಸಂಬಂಧವಿಲ್ಲ ಅಂತ ಅರ್ಥ. ಪೂರ್ತಿ ಅರ್ಥವಾಗಲಿಲ್ಲ ಅಂತ ಈಗ ಹೇಳಬಹುದು. ಆದರೆ ಏನೋ ನನ್ನ ಕಡೆಯಿಂದ ಕೆಟ್ಟಿದೆ ಅನ್ನುವಷ್ಟು ಖಂಡಿತ ಅರ್ಥವಾಗಿತ್ತು.

“ಕಂಪ್ಯೂಟರ್ ಮೇ ಕುಛ್ ಗಡ್‌ಬಡ್ ಹೈ ಕ್ಯಾ?” ಮೇಡಂ ಕೇಳಿದರು.

“ನಹೀ ಮೇಡಂ. ಸಿಸ್ಟಮ್ ಠೀಕ್ ಹೈ.”

ಅಕ್ಕನ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಅಂತ ಮೇಡಂ ಅವಳಿಗೆ ಹೇಳಿದರು. ಅವಳು ಡಬ್ಬಿ ಚೀಲದಲ್ಲಿಟ್ಟು, ಕುರ್ಚಿಯ ಮೇಲಿನ ಕುಶನ್ ಹಾಗೇ ಬಿಟ್ಟು ಹೊರಟಳು.

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಅಮ್ಮ, ಅಕ್ಕ, ನಾನು. ಮನೆಯ ಮಾತು ತುಳು. ಸಂಜೆ ಹಾಲಿನ ವಿಷಯದಲ್ಲಿ ನಮ್ಮದೊಂದು ಕ್ರಮವಿತ್ತು. ಹೊರಗಿದ್ದವರಲ್ಲಿ ಯಾರು ಮೊದಲು ಹಾಲಿನ ಅಂಗಡಿ ಮುಟ್ಟುತ್ತಾರೋ ಅವರು ಪ್ಯಾಕೆಟ್ ತೆಗೆದುಕೊಂಡು ಇನ್ನೊಬ್ಬರಿಗೆ ಒಂದು ಮಿಸ್ಡ್ ಕಾಲ್ ಕೊಡುವುದು. ಫೋನ್ ಒಂದು ಸಲ ರಿಂಗಾಗಿ ನಿಂತರೆ ಹಾಲು ತಂದಾಯಿತು ಅಂತ. ಎತ್ತಬಾರದು. ಒಮ್ಮೆ ನಾನು ಮರೆತು ಎತ್ತಿದ್ದಕ್ಕೆ ಅಕ್ಕ, “ಅರ್ಧ ಲೀಟರ್ ಹಾಲಿಗೆ ಭಾಷಣ ಬೇಕಾ ನಿನಗೆ?” ಅಂದಿದ್ದಳು.

ಆ ಸಂಜೆ ಮಿಸ್ಡ್ ಕಾಲ್ ಬರಲಿಲ್ಲ. ಅಕ್ಕ ಮನೆಯಲ್ಲಿದ್ದಾಳೆ, ಹೊರಗೆ ಹೋಗಿರಲಿಕ್ಕಿಲ್ಲ ಅಂತ ನಾನು ಹಾಲು ತಂದೆ. ಅವಳು ತರಕಾರಿಗೆ ಹೋದವಳು ಆಗಲೇ ತಂದಿಟ್ಟಿದ್ದಳು. ಮರುದಿನವೂ ಹಾಗೆಯೇ. ಅವಳು ಫೋನ್ ಮಾಡಲಿಲ್ಲ, ನನಗೆ ಮಾಡಲು ಮುಖವಿಲ್ಲ. ಅಮ್ಮ ಫ್ರಿಜ್ ತೆರೆದು, “ನೀವಿಬ್ಬರು ಮಾತು ಬಿಟ್ಟರೆ ನಾನು ಮೊಸರಿನ ಅಂಗಡಿ ಇಡಬಹುದು” ಅಂದರು. ಇಬ್ಬರೂ ನಗಲಿಲ್ಲ. ರಾತ್ರಿ ಊಟ ಬಡಿಸುವಾಗ ಅಕ್ಕ ಒಂದೇ ಒಂದು ಪ್ರಶ್ನೆ ಕೇಳಿದಳು.

“ಕಂಪ್ಯೂಟರಿನಲ್ಲಿ ನಿಜವಾಗಿ ಎಂತದೂ ಇಲ್ಲವಾ?”

“ಎಂತ ಇಲ್ಲ,” ಅಂದೆ.

ಮರುದಿನ ಒಂದು ಪ್ಯಾಕೆಟ್ ಹಾಲು ಚೀಲದಲ್ಲಿ ಹಾಕಿಕೊಂಡು ಶಿಳ್ ರಸ್ತೆಯ ಬಸ್ಸು ಹಿಡಿದು ಮಹಾಪೆಗೆ ಹೋದೆ. ನಮ್ಮ ಆಫೀಸಿನ ಹಿರಿಯ ಇಂಜಿನಿಯರ್ ವಿಜಾಪುರದ ಕಡೆಯವರು. ಕೆಲಸದಲ್ಲಿ ಬಿಗಿ, ಚಹಾದ ವಿಷಯದಲ್ಲಿ ಸಡಿಲ. ಪ್ಯಾಕೆಟ್ ನೋಡಿ ಹುಬ್ಬು ಹಾರಿಸಿದರು.

“ಏನೋ ತಮ್ಮಾ, ಇವತ್ತ ಹಾಲಿನ ದಾನ ಶುರು ಮಾಡೀದಿ?”

“ಮನೆಯಲ್ಲಿ ಎರಡೆರಡು ಬರ್ತಾ ಉಂಟು ಸರ್.” ಮಿಸ್ಡ್ ಕಾಲಿನ ಕ್ರಮ ಹೇಳಿದೆ. ಅಕ್ಕ ಮಾತು ಬಿಟ್ಟದ್ದನ್ನೂ ಹೇಳಿದೆ. ಕಾರಣ ಹೇಳಲಿಲ್ಲ. ಆಮೇಲೆ ಬೇರೆಯದೇ ವಿಷಯ ಎಂಬಂತೆ, ಒಂದು ಕಡೆ ಎರಡು ಸರ್ವರ್ ಒಂಟಿಯಾಗಿ ನಿಂತಿವೆ, ಜೋಡಿಸುವುದು ಹೇಗೆ ಅಂತ ಕೇಳಿದೆ.

ಅವರು ಚಹಾದ ಗ್ಲಾಸು ಕೆಳಗಿಟ್ಟರು.

“ಅಲ್ಲೋ, ನೀ ಈಗ ಹೇಳೀದೆಲ್ಲಾ, ಎರಡೂ ಒಂದ ಕಥಿ ಅಲ್ಲೇನು? ಫೋನ್ ಬರಲಿಲ್ಲ ಅಂದಕೂಡ್ಲೆ ಅಕ್ಕ ಹಾಲು ತಂದಿಲ್ಲ ಅಂತ ನೀ ತಿಳದಿ. ಆಕಿನೂ ಹಂಗ ತಿಳದ್ಲು. ಫೋನ್ ಬಂದಿಲ್ಲ ಅನ್ನೋದಷ್ಟ ನಿನಗ ಗೊತ್ತಿತ್ತು. ಹಾಲು ಬಂದಿಲ್ಲ ಅನ್ನೋದು ನಿನಗ ಹೆಂಗ ಗೊತ್ತು? ನಡುವಿನ ತಂತಿ ಎಂದೋ ಕಡದಿರಬೇಕು, ಆಗ ನಿನ್ನ ಸರ್ವರ್ ಇದನ್ನ ಮಾಡ್ಯಾವ. ಸ್ಟೋನಿತ್ ಇರಲಿಲ್ಲೇನು?”

“ಬಂದ್ ಮಾಡಿದ್ದೆ.”

“ಯಾಕ?”

“ಅದಿದ್ದರೆ ಶುರುವೇ ಆಗ್ತಿರಲಿಲ್ಲ ಸರ್.”

“ಶುರು ಆಗಬಾರದು ಅಂತ ಅದನ್ನ ಹಂಗ ಇಟ್ಟಾರಪಾ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. “ಈಗ ಜೋಡಸಬೇಕಂದ್ರ ಒಂದು ಕಡೀದು ಒಗೀಬೇಕು. ಯಾವುದು ಒಗೀತಿ?”

“ಮೇಲಿನದು. ಅದರಲ್ಲಿ ಸ್ವಲ್ಪ ಹೊತ್ತಿನದ್ದು ಮಾತ್ರ ಇರುವುದು.”

“ಆ ಸ್ವಲ್ಪ ಹೊತ್ತಿನ್ಯಾಗ ಯಾರ‍್ಯಾರ ಅದಾರ, ನೋಡೀದೇನು?”

ನೋಡಿರಲಿಲ್ಲ.

“ಎರಡರಾಗ ಯಾವುದು ಖರೆ ಅಂತ ತನಗ ತಿಳೀಲಿಲ್ಲ ಅಂದ್ರ ಡಿಸ್ಕ್ ನಕಲು ಮಾಡೂ ಪ್ಯಾಕೇಜು ತಾನಾಗಿ ಯಾವುದನ್ನೂ ಅಳಸೂದಿಲ್ಲ. ಮನಷಾ ಬಂದು ನೋಡೂ ತನಕ ಸುಮ್ಮ ನಿಂದರತದ. ತಾನ ಒಂದು ಆರಿಸಿ ಇನ್ನೊಂದು ಅಳಸೂ ಹಂಗನೂ ಸೆಟಿಂಗ್ ಹಾಕಲಿಕ್ಕೆ ಬರ್ತದ. ನೀ ಅದನ್ನ ಹಾಕೀದೇನು?”

“ಇಲ್ಲ ಸರ್. ಅದು ಉಂಟು ಅಂತಲೇ ಗೊತ್ತಿರಲಿಲ್ಲ.”

“ನಿನ್ನ ದೈವ ಚಲೋ ಅದ.” ಕಪಾಟಿನಿಂದ ಒಂದು ಖಾಲಿ ಡಿಸ್ಕ್ ತೆಗೆದು ಕೊಟ್ಟರು. “ಮೊದಲ ಪೂರಾ ನಕಲು ತಗೊ. ಆಮ್ಯಾಲೆ ಮುಟ್ಟು. ಮತ್ತ…” ಅಂತ ಏನೋ ಕೇಳಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. “ಚಹಾ ಆರಲಿಕತ್ತದ. ಕುಡದು ಹೋಗು.”

ಕಲ್ಯಾಣ್‌ಗೆ ಹೋಗುವ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ನಕಲನ್ನೂ ತೆಗೆಯದೆ, ಏನನ್ನೂ ನೋಡದೆ, ಮೇಲಿನ ಸರ್ವರಿನಲ್ಲಿ ‘ನನ್ನ ಡೇಟಾ ಬಿಸಾಡು’ ಅನ್ನುವ ಒಂದು ಆದೇಶ ಕೊಟ್ಟರೆ ಸಾಕು. ಕೆಳಗಿನದರ ನಕಲು ಅದರ ಮೇಲೆ ಬಂದು ಕೂರುತ್ತದೆ. ಎಲ್ಲ ಸರಿಯಾಗುತ್ತದೆ. ನಾನು ಹೇಳಿದ ‘ಠೀಕ್ ಹೈ’ ಕೂಡ ನಿಜವಾಗುತ್ತದೆ. ಇಲ್ಲದಿದ್ದರೆ ಮೇಡಂ ಕಂಪನಿಗೆ ಫೋನ್ ಮಾಡುತ್ತಾರೆ, ನನ್ನ ಕೆಲಸ ಹೋಗುತ್ತದೆ. ಒಂಬತ್ತನೆಯ ಕ್ಲಾಸಿನವನಿಗೆ ಇಂಥ ಕೆಲಸ ಇನ್ನೊಮ್ಮೆ ಯಾರು ಕೊಡುತ್ತಾರೆ? ಅಕ್ಕನಿಗಾದರೆ ಓದಿದೆ, ಬೇರೆ ಲ್ಯಾಬ್ ಸಿಗಬಹುದು. ಹೌದು, ಹಾಗೂ ಯೋಚಿಸಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಯೋಚಿಸಿದ್ದು ಹಾಗೆಯೇ.

ಮೇಲಿನ ಮಹಡಿಯಲ್ಲಿ ಕೂತು ಆದೇಶ ಟೈಪ್ ಮಾಡಿದೆ. ಎಂಟರ್ ಒತ್ತುವುದಷ್ಟೇ ಬಾಕಿ. ಅಷ್ಟರಲ್ಲಿ ಅಕ್ಕನ ಜಾಗಕ್ಕೆ ತಾತ್ಕಾಲಿಕವಾಗಿ ಕೂರಿಸಿದ್ದ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಸ್ಟಿಕ್ಕರ್ ಪ್ರಿಂಟರ್ ಸಿಕ್ಕಿಕೊಂಡಿದೆಯಂತೆ. ಕೆಳಗೆ ಹೋಗಿ ಸಿಕ್ಕಿದ್ದ ಕಾಗದ ಬಿಡಿಸಿದೆ. ಕುರ್ಚಿಯ ಮೇಲೆ ಅಕ್ಕನ ಕುಶನ್ ಇತ್ತು. ಈ ಹೆಂಗಸು ಅದರ ಮೇಲೆ ಕೂರದೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಿದ್ದರು.

“ಕುರ್ಚಿ ಖಾಲಿ ಉಂಟಲ್ಲ” ಅಂತ ಹಿಂದಿಯಲ್ಲಿ ಹೇಳಿದೆ.

“ವೋ ಅಕ್ಕಾ ಕಾ ಹೈ,” ಅಂದರು. “ಅಕ್ಕಾ ಕಬ್ ಆಯೇಗಿ?” ಅದು ಅಕ್ಕನದು, ಅಕ್ಕ ಯಾವಾಗ ಬರುತ್ತಾಳೆ ಅಂತ.

ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ಮೇಲೆ ಹೋಗಿ ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ. ಸರ್ವರಿನ ನೆಟ್‌ವರ್ಕ್ ತಂತಿ ತೆಗೆದೆ. ಪೇಸ್‌ಮೇಕರ್ ನಿಲ್ಲಿಸಿದೆ. ಇಂಜಿನಿಯರ್ ಕೊಟ್ಟ ಖಾಲಿ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಲು ಹಾಕಿ ಕಾದೆ. ಅದು ಮುಗಿದ ಮೇಲೆ ಆ ಯಂತ್ರವನ್ನು ಒಂಟಿಯಾಗಿಯೇ ಯಜಮಾನನನ್ನಾಗಿ ಮಾಡಿ ಡೇಟಾಬೇಸ್ ತೆರೆದೆ. ತಂತಿ ಕಿತ್ತಿದ್ದ ಬೆಳಗ್ಗಿನ ಎಂಟ್ರಿಗಳೆಲ್ಲ ಅಲ್ಲಿದ್ದವು. ಮೇಲಿನ ಡೆಸ್ಕಿನವನು ಹಾಕಿದವು. ಶಹಾಡ್‌ನ ಹಿರಿಯರ ನಂಬರು ಇಲ್ಲಿ ಡೊಂಬಿವಲಿಯ ಹೆಂಗಸಿನ ಹೆಸರಿನಲ್ಲಿತ್ತು. ತಂತಿ ಹೋದಾಗ ಮೇಲಿನ ಸರ್ವರ್ ಕೆಳಗಿನದು ಸತ್ತಿತು ಅಂದುಕೊಂಡು ತಾನೂ ನಂಬರು ಕೊಡಲು ಶುರು ಮಾಡಿತ್ತು. ಕೆಳಗಿನದು ಬದುಕಿಯೇ ಇತ್ತು, ತನ್ನ ಪಾಡಿಗೆ ಅವೇ ನಂಬರುಗಳನ್ನು ಕೊಡುತ್ತಿತ್ತು. ತಂತಿ ಮತ್ತೆ ಸಿಕ್ಕಿಸಿದ ಮೇಲೆ ಎಲ್ಲರ ಕಂಪ್ಯೂಟರೂ ಕೆಳಗಿನದನ್ನೇ ತೋರಿಸುತ್ತಿತ್ತು, ಮೇಲಿನ ಎಂಟ್ರಿಗಳು ಕಾಣದೆ ಉಳಿದವು. ಅಕ್ಕ ಒಂದು ಸ್ಟಿಕ್ಕರನ್ನೂ ತಪ್ಪಾಗಿ ಅಂಟಿಸಿರಲಿಲ್ಲ.

ಮೇಡಂ ಅವರನ್ನು ಮೇಲೆ ಕರೆದು ತೋರಿಸಿದೆ. “ಆ ದಿನ ಸಿಸ್ಟಮ್ ಠೀಕ್ ಇರಲಿಲ್ಲ. ನನಗೆ ಸಂಶಯ ಬಂದಿತ್ತು. ಬಂದರೂ ಸುಳ್ಳು ಹೇಳಿದೆ” ಅಂತ ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಅವರು ಕುರ್ಚಿ ಎಳೆದು ಕೂತು ಫೋನ್ ಕೈಗೆತ್ತಿಕೊಂಡರು. ಬೈಯಲಿಲ್ಲ.

“ಪಹಲೇ ಪೇಶಂಟ್,” ಅಂದರು, ಮೊದಲು ರೋಗಿಗಳು ಅಂತ.

ಆ ಎಂಟ್ರಿಗಳನ್ನು ಒಂದೊಂದಾಗಿ ನಾನು ಓದುತ್ತ ಹೋದೆ, ಅವರು ತಾವೇ ಫೋನ್ ಮಾಡುತ್ತ ಹೋದರು. ಮತ್ತೆ ರಕ್ತ ಕೊಡಲು ಕರೆದರು, ಪ್ರತಿಯೊಬ್ಬರಲ್ಲೂ ಕ್ಷಮೆ ಕೇಳಿದರು. ಪೇಡೆ ತಿಂದ ಹಿರಿಯರು, “ಇನ್ನೊಂದು ದಿನ ತಡವಾಗಿ ಹೇಳಬಾರದಿತ್ತೇ” ಅಂದರಂತೆ. ಯಾರಿಗೂ ಅಪಾಯವಾಗಿರಲಿಲ್ಲ. ಆ ಕೃತಜ್ಞತೆ ನನ್ನಲ್ಲಿ ಇವತ್ತಿಗೂ ಹಾಗೇ ಇದೆ.

ಕೊನೆಯ ಫೋನು ಅಕ್ಕನಿಗೆ. ಅವಳು ಬಂದಳು. ಎಲ್ಲರೆದುರು ಮೇಡಂ ಅವಳ ಕೈ ಹಿಡಿದು “ಮಾಝಂ ಚುಕಲಂ” ಅಂದರು, ತಪ್ಪು ನನ್ನದು ಅಂತ. ತಪ್ಪು ಅವರದ್ದಾಗಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ನೋಡಿದೆ.

ಮನೆಗೆ ಬಂದ ಮೇಲೆ ಅಕ್ಕನಿಗೆ ಎಲ್ಲ ಹೇಳಿದೆ, ಟೈಪ್ ಮಾಡಿ ಅಳಿಸಿದ ಆದೇಶವನ್ನೂ ಸೇರಿಸಿ. ಅವಳು ಅಕ್ಕಿ ಆರಿಸುತ್ತಿದ್ದಳು.

“ಅವತ್ತು ನಾನು ಓದಿ ಹೇಳಿದ್ದೆ. ನೀನು ಕೇಳಲಿಲ್ಲ. ಅದಕ್ಕೆ ನನಗೆ ಬೇಜಾರಿಲ್ಲ, ಕೆಲಸದಲ್ಲಿ ತಪ್ಪು ಯಾರಿಗಾದರೂ ಆಗ್ತದೆ. ನನ್ನ ಮುಖ ನೋಡಿಕೊಂಡು ಠೀಕ್ ಹೈ ಅಂದೆಯಲ್ಲ, ಅದು ಹೇಗೆ ಬಂತು ನಿನ್ನ ಬಾಯಲ್ಲಿ?”

ನಾನು ಎದುರು ಕೂತು ಅಕ್ಕಿಯಲ್ಲಿನ ಕಲ್ಲು ಆರಿಸಲು ಕೈ ಹಾಕಿದೆ, ಅವಳು ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು.

ಕಂಪನಿಯಲ್ಲಿ ನನ್ನ ಕೆಲಸ ಉಳಿಯಿತು. ಹಿರಿಯ ಇಂಜಿನಿಯರ್ ತಾವೇ ಕಲ್ಯಾಣ್‌ಗೆ ಬಂದು ಮೇಡಂ ಜೊತೆ ಮಾತಾಡಿದರು, ನನ್ನ ಜೊತೆ ನೆಲದ ಮೇಲೆ ಕೂತು ಎಲ್ಲವನ್ನೂ ಮೊದಲಿನಿಂದ ಮಾಡಿಸಿದರು. ಮೇಲಿನ ಸರ್ವರಿನ ಎಂಟ್ರಿಗಳಿಗೆ ಹೊಸ ನಂಬರು ಕೊಟ್ಟು ಕೆಳಗಿನದರಲ್ಲಿ ಸೇರಿಸಿದೆವು. ಆಮೇಲೆ ಮಾತ್ರ ಆ ‘ಬಿಸಾಡು’ ಆದೇಶ ಕೊಟ್ಟೆವು. ಆಗ ಬಿಸಾಡಲು ಏನೂ ಉಳಿದಿರಲಿಲ್ಲ. ಎರಡೂ ಯಂತ್ರಗಳನ್ನು ಒಂದೇ ಕೋಣೆಗೆ ತಂದು, ನಡುವೆ ಅವಕ್ಕೆಂದೇ ಬೇರೆ ತಂತಿ ಎಳೆದೆವು. ಆದೇಶ ಕೊಟ್ಟರೆ ಕರೆಂಟು ಕಡಿಯುವ ಪವರ್ ಪಟ್ಟಿ ಹಾಕಿದೆವು. ‘ಫಾಲ್ಸ್’ ಇದ್ದಲ್ಲಿ ‘ಟ್ರೂ’ ಬರೆದೆ. ಪರೀಕ್ಷೆಗೆಂದು ನಡುವಿನ ತಂತಿ ನಾನೇ ಕಿತ್ತೆ. ಟಪ್ ಅಂತ ಒಂದು ಯಂತ್ರ ಆರಿತು, ಇನ್ನೊಂದು ಕೆಲಸ ವಹಿಸಿಕೊಂಡಿತು. ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನನ್ನು ಬಿಟ್ಟು ಇಂಜಿನಿಯರ್ ಅವರನ್ನು ಕೇಳಿದಳು, “ಈಗ ನಂಬರು ಒಂದೇ ಕಡೆಯಿಂದ ಬರ್ತದಲ್ಲ ಸರ್?”

“ಒಂದ ಕಡೆಯಿಂದ ತಂಗೀ. ಇನ್ನ ಚಿಂತಿ ಬ್ಯಾಡ.”

ಆ ಪ್ಯಾಕೇಜುಗಳನ್ನು ಬರೆದವರನ್ನು ನಾನು ನೋಡಿಲ್ಲ. ಯಾವ ದೇಶದವರೋ, ಎಂಥವರೋ. ‘ಹೀಗೆ ಶುರು ಮಾಡಬೇಡ’ ಅಂತ ಅವರು ಇಟ್ಟುಹೋದ ಕಟ್ಟಳೆಯನ್ನು ನಾನು ಕಿತ್ತು ಹಾಕಿದೆ. ‘ಮನುಷ್ಯ ಬಂದು ನೋಡುವ ತನಕ ಯಾವುದನ್ನೂ ಅಳಿಸಬೇಡ’ ಅಂತ ಇಟ್ಟದ್ದು ಮಾತ್ರ ನನ್ನ ಅಜ್ಞಾನದಿಂದಲೇ ಉಳಿದುಕೊಂಡಿತು, ಅಕ್ಕನ ಹೆಸರನ್ನೂ ಉಳಿಸಿತು. ಈಗ ಯಾವ ಪ್ಯಾಕೇಜ್ ‘ಆಗುವುದಿಲ್ಲ’ ಅಂದರೂ ಮೊದಲು ಯಾಕೆ ಅಂತ ಪೂರ್ತಿ ಓದುತ್ತೇನೆ. ಅರ್ಥವಾಗದಿದ್ದರೆ ಯಾರನ್ನಾದರೂ ಕೇಳುತ್ತೇನೆ.

ಅಕ್ಕ ಕೌಂಟರಿಗೆ ಮರಳಿದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಹಾಲು ಎರಡೆರಡು ಬರುವುದು ನಿಲ್ಲಲಿಲ್ಲ. ನಾನು ತಂದ ಕೂಡಲೇ ಮಿಸ್ಡ್ ಕಾಲ್ ಕೊಡಲು ಶುರು ಮಾಡಿದ್ದೆ, ಅವಳು ಆದರೂ ತರುತ್ತಿದ್ದಳು. ಅಮ್ಮ ಏನೂ ಅನ್ನದೆ ಮೊಸರು ಹಾಕುತ್ತಿದ್ದರು.

ಒಂದು ಸಂಜೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಹಾಲಿನ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಪ್ಯಾಕೆಟ್ ಎತ್ತಿ ನನ್ನ ಕಡೆ ಚಾಚಿದ. ಜೇಬಿನಲ್ಲಿ ಫೋನ್ ಒಂದು ಸಲ ರಿಂಗಾಗಿ ನಿಂತಿತು. ತೆಗೆದು ನೋಡಿದೆ. ಅಕ್ಕ.

ಪ್ಯಾಕೆಟ್ಟಿಗೆ ಚಾಚಿದ್ದ ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

“ಕಾಯ್ ಭಾವು, ದೂಧ್ ನಕೋ ಕಾ?” ಹಾಲು ಬೇಡವಾ ಅಂತ.

“ನಕೋ,” ಅಂದೆ. “ಆಣಲಂ ತಿನೇ.” ಅವಳು ತಂದಾಯಿತು.